ಬಾಡಿಗೆ ಸೈಕಲ್, ಇ-ಸ್ಕೂಟರ್: ಯಾವುದರಿಂದ ಭಾಗಿಸಬೇಕು?

ಪರೀಕ್ಷೆಯ ಪ್ರಶ್ನೆ ಇದು: ಬಾಡಿಗೆ ಸೈಕಲ್, ಇ-ಸ್ಕೂಟರ್ ಬಂದರೆ ಸಾರ್ವಜನಿಕ ಸಾರಿಗೆಗೂ ಸುರಕ್ಷತೆಗೂ ಏನಾಗುತ್ತದೆ? ಇಲ್ಲಿ ಸ್ಕೂಟರ್ ಎಂದರೆ ನಿಂತುಕೊಂಡು ಓಡಿಸುವ, ಆ್ಯಪ್‌ನಲ್ಲಿ ಬಾಡಿಗೆಗೆ ಸಿಗುವ ಪುಟ್ಟ ಚಕ್ರದ ಗಾಡಿ.

ಸಾರಿಗೆ: ಇವು ಬಸ್ಸು, ರೈಲಿಗೆ ಜನರನ್ನು ತಂದುಕೊಡುತ್ತವೆಯೋ, ಕಸಿದುಕೊಳ್ಳುತ್ತವೆಯೋ? ಜಾಗ ನೋಡಿ ಹೇಳಬೇಕು. ವಾಷಿಂಗ್ಟನ್‌ನಲ್ಲಿ ಬಾಡಿಗೆ ಸೈಕಲ್ ಬಂದ ಮೇಲೆ ನಗರದ ನಡುವಿನವರು ಸಾರ್ವಜನಿಕ ಸಾರಿಗೆ ಕಡಿಮೆ ಮಾಡಿದರು, ಅಂಚಿನವರಲ್ಲಿ ಅದರತ್ತ ವಾಲಿದವರು ಹೆಚ್ಚು. ನ್ಯೂಯಾರ್ಕ್‌ನ 2017ರ ಅಧ್ಯಯನದಲ್ಲಿ ಬಸ್ ಮಾರ್ಗದ ಅಕ್ಕಪಕ್ಕ ಪ್ರತಿ ಸಾವಿರ ಸೈಕಲ್ ಡಾಕ್‌ಗೆ (ಬಾಡಿಗೆ ಸೈಕಲ್ ನಿಲ್ಲಿಸಿ ಬೀಗ ಹಾಕುವ ಕಟ್ಟೆ) ಬಸ್ ಪ್ರಯಾಣ ಶೇ 2.42ರಷ್ಟು ಇಳಿದಿತ್ತು. ಹೊಸ ಸೈಕಲ್ ಪಥಗಳ ಪ್ರಭಾವ ಕಳೆದರೆ ಅದು ಶೇ 1.69. ಪರೀಕ್ಷೆಯಲ್ಲಿ ಎರಡನೆಯ ಸಂಖ್ಯೆಯನ್ನೂ ಬರೆಯಿರಿ.

ಸುರಕ್ಷತೆ: ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಬಿಡಿಸುತ್ತೇನೆ. ನಡೆಯುವವರು, ಸೈಕಲ್ ಸವಾರರು ಹೆಚ್ಚಿದಂತೆ ಗಾಯಗಳು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಸುಮಾರು 0.4 ಘಾತಾಂಕದಂತೆ ಏರುತ್ತವೆ ಎಂದು ಸಂಶೋಧಕ ಜೇಕಬ್‌ಸನ್ 2003ರಲ್ಲಿ ತೋರಿಸಿದರು. ಲೆಕ್ಕ ಹಾಕಿ ನೋಡೋಣ. 1,000 ಸವಾರರು, 100 ಗಾಯ ಎಂದಿಟ್ಟುಕೊಳ್ಳಿ. ಸವಾರರು 2,000 ಆದರೆ ಗಾಯ 200 ಅಲ್ಲ. 2ರ ಘಾತ 0.4 ಎಂದರೆ 1.32, ಹಾಗಾಗಿ ಸುಮಾರು 132. ಆಸ್ಪತ್ರೆಗೆ 32 ಮಂದಿ ಹೆಚ್ಚು ಬಂದರು, ಅದು ನಿಜ. ಸವಾರನೊಬ್ಬನ ಅಪಾಯ ಶೇ 10ರಿಂದ 6.6ಕ್ಕೆ ಇಳಿಯಿತು, ಅದೂ ನಿಜ. ಮೊದಲನೆಯದು ಒಟ್ಟು, ಎರಡನೆಯದು ದರ, ಅಂದರೆ ಒಟ್ಟನ್ನು ಸವಾರರ ಸಂಖ್ಯೆಯಿಂದ ಭಾಗಿಸಿದ್ದು. ಶೀರ್ಷಿಕೆಗಳಲ್ಲಿ ಬರುವುದು ಬಹುಪಾಲು ಒಟ್ಟು ಸಂಖ್ಯೆಯೇ. ನೆನಪಿಡಿ, ಈ 0.4 ಪಾದಚಾರಿ, ಸೈಕಲ್ ದತ್ತಾಂಶದಿಂದ ಬಂದದ್ದು. ಸ್ಕೂಟರಿಗೆ ಹಾಗೇ ಅಂಟಿಸಬೇಡಿ.

ಸ್ಕೂಟರಿನ ತೊಂದರೆಯೇ ಬೇರೆ. ಸೈಕಲ್ ಚಕ್ರ ಉರುಳಿಕೊಂಡು ದಾಟುವ ಗುಂಡಿಯಲ್ಲಿ ಇದರ ಚಿಕ್ಕ ಚಕ್ರ ಸಿಕ್ಕಿಬೀಳುತ್ತದೆ. ಗಾಡಿ ನಿಲ್ಲುತ್ತದೆ, ನಿಂತಿದ್ದ ದೇಹ ಹ್ಯಾಂಡಲ್ ದಾಟಿ ಮುಂದಕ್ಕೆ ಹಾರುತ್ತದೆ, ಮೊದಲು ನೆಲ ಮುಟ್ಟುವುದು ಕೈ ಅಥವಾ ತಲೆ. ಅಮೆರಿಕದ ಆಸ್ಟಿನ್ ನಗರದಲ್ಲಿ 2018ರ ಸ್ಕೂಟರ್ ಗಾಯಾಳುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ತಲೆಗೇ ಪೆಟ್ಟು, ಮೂವರಲ್ಲೊಬ್ಬರಿಗೆ ಅದು ಮೊದಲ ಸವಾರಿ. ನನ್ನ ಮಟ್ಟಿಗೆ ಹೆಲ್ಮೆಟ್ ಜೊತೆಗೆ ಹೊಸಬರಿಗೆ ವೇಗದ ಮಿತಿಯೂ ಬೇಕೇ ಬೇಕು.

ಎರಡೂ ಭಾಗಗಳು ಸೇರುವ ಜಾಗ ಇದು: ಆ ಸವಾರಿ ಯಾವುದರ ಬದಲಿಗೆ? ಬಸ್ ಪ್ರಯಾಣಿಕನಿಗೆ ಕಿಲೋಮೀಟರ್ ಲೆಕ್ಕದಲ್ಲಿ ಅಪಾಯ ತೀರಾ ಕಡಿಮೆ. ಅವನು ಸ್ಕೂಟರ್ ಹತ್ತಿದರೆ ಅವನ ಅಪಾಯ ಏರುತ್ತದೆ. ಕಾರು ಬಿಟ್ಟು ಹತ್ತಿದರೆ ಅವನಿಗೆ ಅಪಾಯ ಹೆಚ್ಚಿದರೂ ಅವನ ಕಾರಿನಿಂದ ಪಾದಚಾರಿಗೆ ಇದ್ದ ಅಪಾಯ ತಪ್ಪುತ್ತದೆ. ಆದ್ದರಿಂದ ಉತ್ತರದಲ್ಲಿ ಬದಲಾದ ಪ್ರಯಾಣ ಯಾವುದೆಂದು ಮೊದಲು ಬರೆದು, ಆಮೇಲೆ ಗಾಯಗಳನ್ನು ಎಣಿಸಿ.