ಇಂಜೆಕ್ಟರ್ ಪೋರ್ಟ್ ಹತ್ರ ಇರ್ಬೇಕಾ, ದೂರ ಇರ್ಬೇಕಾ?

ವಿಮಾನಕ್ಕೆ ರೋಟರಿ ಇಂಜಿನ್ ಕೂರಿಸೋರು ಗಾಳಿ ಒಳಗೆ ಹೋಗೋ ಇಂಟೇಕ್ ಪೈಪ್ ಮಾಡ್ಕೊಳ್ಳೋವಾಗ ತುಂಬಾ ತಲೆ ಕೆಡಿಸ್ಕೊಳ್ಳೋದು ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸೋ ನಳಿಕೆ) ಎಲ್ಲಿಡೋದು ಅಂತ, ಪೈಪ್ ಇಂಜಿನ್‌ಗೆ ಸೇರೋ ಬಾಯಿ, ಅಂದ್ರೆ ಪೋರ್ಟ್ ಹತ್ರಾನಾ, ದೂರಾನಾ. ರೋಟರಿ ಅಂದ್ರೆ ಮೊದಲ ಮಹಾಯುದ್ಧದ ಕಾಲದಲ್ಲಿ ಸಿಲಿಂಡರ್ ಸಮೇತ ತಿರುಗ್ತಿದ್ದ ಇಂಜಿನ್ ಅಲ್ಲ, 1957ರಲ್ಲಿ ಮೊದಲು ಓಡಿದ ವ್ಯಾಂಕೆಲ್, ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗೋ ಇಂಜಿನ್.

ಮಜ್ದಾ ಕಾರ್ ಕಂಪನಿಯ 13ಬಿ ವ್ಯಾಂಕೆಲ್ ಇಂಜಿನ್ ತಗೊಳ್ಳಿ. ಎರಡು ರೋಟರ್, ಒಂದೊಂದು 654 ಸಿಸಿ. ಶಾಫ್ಟ್ 6000 ಆರ್‌ಪಿಎಂನಲ್ಲಿದ್ರೆ ಒಂದು ಸುತ್ತಿಗೆ 10 ಮಿಲಿಸೆಕೆಂಡ್, ಗಾಳಿ ಎಳ್ಕೊಳ್ಳೋ ಹಂತ ಸುಮಾರು 270 ಡಿಗ್ರಿ, ಅಂದ್ರೆ ಏಳೂವರೆ ಮಿಲಿಸೆಕೆಂಡ್ ಅಷ್ಟೇ. ಪೋರ್ಟ್ ಬಾಯಲ್ಲೇ ಇಂಜೆಕ್ಟರ್ ಇದ್ರೆ ಪೆಟ್ರೋಲ್ ಹನಿ ಪೂರ್ತಿ ಆವಿಯಾಗೋ ಮುಂಚೆನೇ ಒಳಗೆ ಹೋಗ್ಬಿಡತ್ತೆ, ವ್ಯಾಂಕೆಲ್‌ನಲ್ಲಿ ಪೆಟ್ರೋಲ್ ಉರಿಯೋ ಚೇಂಬರ್ ಬೇರೆ ಉದ್ದಕ್ಕೆ ತೆಳ್ಳಗಿರತ್ತೆ, ಗೋಡೆಗೆ ಅಂಟಿದ ಹನೀನ ಅಪೆಕ್ಸ್ ಸೀಲ್ (ರೋಟರ್ ತುದೀಲಿ ಗೋಡೆಗೆ ಒತ್ಕೊಂಡಿರೋ ಪಟ್ಟಿ) ಬಳ್ಕೊಂಡು ಬರತ್ತೆ, ಅದೆಲ್ಲ ಚೇಂಬರ್‌ನ ಹಿಂದಿನ ಮೂಲೇಲಿ ಸೇರ್ಕೊಳ್ಳತ್ತೆ, ಬೆಂಕಿ ಸರಿಯಾಗಿ ತಲುಪದೇ ಇರೋದು ಅದೇ ಮೂಲೆಗೆ. ಸುಡದ ಪೆಟ್ರೋಲ್ ಸೀದಾ ಎಗ್ಸಾಸ್ಟ್‌ಗೆ.

ಅದೇ ಇಂಜೆಕ್ಟರ್‌ನ ಒಂದಡಿ ಹಿಂದಕ್ಕಿಟ್ರೆ ಹನಿ ದಾರೀಲೇ ಆವಿಯಾಗತ್ತೆ, ಅದಕ್ಕೆ ಬೇಕಾದ ಶಾಖಾನ ಗಾಳಿಯಿಂದ್ಲೇ ಎಳ್ಕೊಳ್ಳತ್ತೆ, ಕೈ ಮೇಲೆ ಪೆಟ್ರೋಲ್ ಬಿದ್ರೆ ತಣ್ಣಗಾಗಲ್ವಾ, ಹಾಗೆ. ತಣ್ಣಗಾದ ಗಾಳಿ ದಟ್ಟ, ಪವರ್ ಸ್ವಲ್ಪ ಜಾಸ್ತಿ. ನಷ್ಟ ಅಂದ್ರೆ ಪೈಪ್ ಗೋಡೆ ಒದ್ದೆಯಾಗತ್ತೆ, ಥ್ರಾಟಲ್ ಕೊಟ್ಟ ಕೂಡ್ಲೇ ಇಂಜಿನ್ ಏಳಲ್ಲ, ಒಂಚೂರು ತಡವರಿಸತ್ತೆ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡೋ ಕಾರಿಗೆ ಇದು ದೊಡ್ಡ ತೊಂದ್ರೆ, ಗಂಟೆಗಟ್ಲೆ ಒಂದೇ ಆರ್‌ಪಿಎಂನಲ್ಲಿ ಹಾರೋ ವಿಮಾನಕ್ಕೆ ಅಷ್ಟಿಲ್ಲ. ಹಾಗಾಗಿ ವಿಮಾನಕ್ಕೆ ದೂರ ಇಡೋದೇ ಸರಿ ಅಂತ ನನ್ನ ಲೆಕ್ಕ.

ಆದ್ರೆ ಥ್ರಾಟಲ್ ಪ್ಲೇಟ್ (ಗಾಳಿಯ ದಾರಿ ತೆರೆದು ಮುಚ್ಚೋ ತಟ್ಟೆ) ದಾಟಿ ಹಿಂದಕ್ಕೆ ಮಾತ್ರ ಹೋಗ್ಬೇಡಿ. ಪ್ಲೇಟ್‌ಗೂ ಮುಂಚೆನೇ ಪೆಟ್ರೋಲ್ ಬೆರೆಸ್ತಿದ್ದ ಹಳೇ ಕಾರ್ಬುರೇಟರ್‌ಗಳಲ್ಲಿ ಪೆಟ್ರೋಲ್ ಆವಿಯಾಗೋ ಚಳಿ, ಪ್ಲೇಟ್ ಹತ್ರ ಒತ್ತಡ ಇಳಿದು ಬರೋ ಚಳಿ, ಎರಡೂ ಸೇರಿ ಹೊರಗೆ 20 ಡಿಗ್ರಿ ಇದ್ರೂ ತೇವದ ಗಾಳಿಯಿಂದ ಐಸ್ ಕಟ್ಟಿ ದಾರಿ ಮುಚ್ಚಿ ಎಷ್ಟೋ ಇಂಜಿನ್ ಆಕಾಶದಲ್ಲೇ ನಿಂತಿವೆ. ಇಂಜೆಕ್ಷನ್‌ನಿಂದ ತಪ್ಪಿದ ಆ ಕಾಟಾನ ನಾವೇ ವಾಪಸ್ ಕರ್ಕೊಂಡು ಬಂದ ಹಾಗಾಗತ್ತೆ.

ಇನ್ನು ಸ್ಟಾರ್ಟಿಂಗ್. ತಣ್ಣಗಿರೋ ಪೈಪಲ್ಲಿ ದೂರದ ಇಂಜೆಕ್ಟರ್ ಚಿಮ್ಮಿಸಿದ್ದೆಲ್ಲ ಗೋಡೇಲೇ ಉಳಿಯತ್ತೆ, ಅದಕ್ಕೇ ರೋಟರ್‌ಗೆ ಎರಡೆರಡು ಇಂಜೆಕ್ಟರ್ ಬೇಕು, ಸ್ಟಾರ್ಟಿಂಗ್‌ಗೂ ಐಡಲ್‌ಗೂ ಪೋರ್ಟ್ ಹತ್ರ ಒಂದು, ಮೇಲೆ ಪೈಪಲ್ಲಿ ಇನ್ನೊಂದು. ವೈರಿಂಗ್ ಬೇರೆ ಬೇರೆ ಮಾಡಿದ್ರೆ ಒಂದು ಕೈಕೊಟ್ರೂ ಇನ್ನೊಂದು ನೆಲ ಮುಟ್ಟಿಸತ್ತೆ. ಹತ್ರದ್ದಕ್ಕೆ ಮಾತ್ರ ಬಿಸಿ ತಟ್ಟದ ಹಾಗೆ ಶೀಲ್ಡ್ ಹಾಕಿ, 13ಬಿಯಲ್ಲಿ ಇಂಟೇಕೂ ಎಗ್ಸಾಸ್ಟೂ ಒಂದೇ ಕಡೆ ಇರೋದು, ಇಳಿದು ಇಂಜಿನ್ ಆಫ್ ಮಾಡಿದ್ಮೇಲೆ ಲೈನಲ್ಲಿರೋ ಪೆಟ್ರೋಲ್ ಕುದಿಯೋಕೆ ಶುರುವಾಗತ್ತೆ.