ಅಲಿಯೆನೋರ್: ‘ಇನ್ನೊಬ್ಬಳು’ ಎಂಬ ಹೆಸರಿನ ರಾಣಿ

ಫ್ರಾನ್ಸಿನ ಫೊಂತೆವ್ರೊ ಮಠದ ಚರ್ಚಿನಲ್ಲಿ ಕಲ್ಲಿನ ರಾಣಿಯೊಬ್ಬಳು ಅಂಗಾತ ಮಲಗಿ, ತೆರೆದ ಪುಸ್ತಕ ಹಿಡಿದಿದ್ದಾಳೆ. ಹತ್ತಿರದಲ್ಲೇ ಗಂಡ, ಇಂಗ್ಲೆಂಡಿನ ದೊರೆ ಎರಡನೇ ಹೆನ್ರಿ. ಅವಳನ್ನು ಸುಮಾರು 15 ವರ್ಷ ಸೆರೆಯಲ್ಲಿಟ್ಟವನು. ಅವನ ಗೊಡವೆಯೇ ಬೇಡವೆಂದು ಓದುತ್ತಿರುವಂತಿದೆ ಅವಳ ಭಂಗಿ. 1204ರಲ್ಲಿ ತೀರಿಕೊಂಡ ಈಕೆಯ ಹೆಸರು ಅಲಿಯೆನೋರ್.

ತಂದೆ ನೈಋತ್ಯ ಫ್ರಾನ್ಸಿನ ಅಕ್ವಿಟೇನ್ ಸೀಮೆಯ ಡ್ಯೂಕ್ ಹತ್ತನೇ ಗಿಯೋಮ್. ತಾಯಿ ಶಾಟೆಲ್ರೋ ಮನೆತನದ ಅಯೆನೋರ್. ಮಗಳಿಗೂ ತಾಯಿಯ ಹೆಸರನ್ನೇ ಇಟ್ಟು, ಗುರುತಿಗೆಂದು ಲ್ಯಾಟಿನ್ನಿನ ‘ಅಲಿಯಾ’ ಸೇರಿಸಿದರಂತೆ. ಅಲಿಯಾ ಎಂದರೆ ಬೇರೊಬ್ಬಳು. ಅಲಿಯಾ ಅಯೆನೋರ್, ಅಂದರೆ ಇನ್ನೊಬ್ಬ ಅಯೆನೋರ್. ನಮ್ಮ ಮನೆಗಳ ಚಿಕ್ಕ ಗೌರಮ್ಮನ ಹಾಗೆ. ಈಗ ದೊಡ್ಡವಳು ಯಾರಿಗೂ ನೆನಪಿಲ್ಲ, ‘ಇನ್ನೊಬ್ಬಳೇ’ ಉಳಿದುಕೊಂಡಳು.

ಈ ವಿವರಣೆ 12ನೇ ಶತಮಾನದ ಸನ್ಯಾಸಿ ಚರಿತ್ರೆಕಾರ, ವಿಜ್ವಾದ ಜೊಫ್ರ್ವಾನದು. ಸಿಕ್ಕ ಪದವನ್ನೆಲ್ಲ ಒಡೆದು ಅರ್ಥ ಹೊರಡಿಸುವುದು ಆ ಕಾಲದ ಲ್ಯಾಟಿನ್ ಪಂಡಿತರ ಚಟ. ಹಾಗಾಗಿ ಕಥೆಯನ್ನು ಪೂರ್ತಿ ನಂಬಲು ನನಗೆ ಮನಸ್ಸಿಲ್ಲ. ಇದು ಗ್ರೀಕರ ಹೆಲೆನ್ ಹೆಸರಿನ ರೂಪಾಂತರವೆಂಬ ವಾದ ಇನ್ನೂ ದುರ್ಬಲ. ಕೊನೆಯ ‘ನೋರ್’ ಎಲ್ಲಿಂದ ಬಂತೆಂದು ಅದು ಹೇಳುವುದೇ ಇಲ್ಲ. ಅಯೆನೋರ್ ಪದದ ಬೇರು ಜರ್ಮಾನಿಕ್ ಇರಬಹುದು ಎನ್ನುವವರಿದ್ದಾರೆ.

ಅರ್ಥ ಏನೇ ಇರಲಿ, ಹೆಸರು ಹರಡಿದ್ದು ಮದುವೆಗಳ ಬೆನ್ನೇರಿ. 1137ರಲ್ಲಿ ಅಲಿಯೆನೋರ್ ಫ್ರಾನ್ಸಿನ ಏಳನೇ ಲೂಯಿಯ ಕೈಹಿಡಿದಳು. 1152ರ ಮಾರ್ಚ್‌ನಲ್ಲಿ ಆ ಮದುವೆ ರದ್ದಾಯಿತು. ಮೇ ತಿಂಗಳಲ್ಲಿ ಹೆನ್ರಿಯೊಡನೆ ಮದುವೆ ನಡೆದೇಹೋಯಿತು. ಅವಳ ಹೆಸರನ್ನೇ ಹೊತ್ತ ಮಗಳು ಸ್ಪೇನಿನ ಕ್ಯಾಸ್ಟೀಲ್ ರಾಜ್ಯದ ದೊರೆ ಎಂಟನೇ ಅಲ್ಫೋನ್ಸೊನ ಮನೆ ಸೇರಿ ಲಿಯೊನೋರ್ ಆದಳು. ಆ ವಂಶದ ಮತ್ತೊಬ್ಬ ಲಿಯೊನೋರ್ ಇಂಗ್ಲೆಂಡಿಗೆ ಸೊಸೆಯಾಗಿ ಬಂದು ಎಲಿನೋರ್ ಎನಿಸಿಕೊಂಡಳು. 1290ರಲ್ಲಿ ಅವಳು ಸತ್ತಾಗ, ಶವಯಾತ್ರೆ ರಾತ್ರಿ ತಂಗಿದ ಊರುಗಳಲ್ಲಿ ಗಂಡ ಒಂದನೇ ಎಡ್ವರ್ಡ್ 12 ಶಿಲುಬೆ ಸ್ತಂಭಗಳನ್ನು ನಿಲ್ಲಿಸಿದ. ಕೊನೆಯದು ಲಂಡನ್ನಿನ ಚೇರಿಂಗ್ ಕ್ರಾಸ್. ಮೈಸೂರಿನಿಂದ ಊಟಿಗೆ ಹೋದವರು ಅಲ್ಲಿನ ಕಾರಂಜಿಯ ವೃತ್ತವನ್ನು ನೋಡಿರುತ್ತಾರೆ. ಅದೂ ಚೇರಿಂಗ್ ಕ್ರಾಸ್. (‘ಚೇರಿಂಗ್’ ಎಂದರೆ ಫ್ರೆಂಚಿನಲ್ಲಿ ಪ್ರೀತಿಯ ರಾಣಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಿರುವಿಗೆ ಹಳೆಯ ಇಂಗ್ಲಿಷಿನಲ್ಲಿದ್ದ ಪದ ಅದು.)

ಇತ್ತ ಫ್ರಾನ್ಸಿನಲ್ಲಿ ಎಲೆಯೊನೋರ್ ಎಂಬ ರೂಪವೇ ಬಳಕೆಗೆ ಬಂದು, ಹಳೆಯದು ಮೂಲೆ ಸೇರಿತು. ಅಲ್ಲಿ 1803ರ ಕಾನೂನು ಮಕ್ಕಳಿಗೆ ಇಡಲು ಕ್ಯಾಲೆಂಡರುಗಳಲ್ಲಿದ್ದ ಹೆಸರುಗಳನ್ನೂ ಪ್ರಾಚೀನ ಇತಿಹಾಸದವರ ಹೆಸರುಗಳನ್ನೂ ಮಾತ್ರ ಒಪ್ಪುತ್ತಿತ್ತು. ಹೆತ್ತವರಿಗೆ ಹೆಚ್ಚುಕಡಿಮೆ ಪೂರ್ಣ ಸ್ವಾತಂತ್ರ್ಯ ಸಿಕ್ಕಿದ್ದು 1993ರಲ್ಲಿ. ಆದರೂ ಅಲಿಯೆನೋರ್ ಇಂದಿಗೂ ಅಪರೂಪದ ಹೆಸರೇ. ಅವಳ ಹಳೆಯ ಸೀಮೆಯಲ್ಲಿ, ಲಾಂಗೋನ್‌ನಿಂದ ಪೋ ಕಡೆಗೆ ಸುಮಾರು 150 ಕಿಲೋಮೀಟರ್ ಹೆದ್ದಾರಿಯೊಂದು 2010ರಲ್ಲಿ ತೆರೆಯಿತು. ಅಲ್ಲಿ ಟೋಲ್ ಕಟ್ಟುವವರು ಕಟ್ಟುವುದು ಅವಳ ಹೆಸರಿನ ಕಂಪನಿಗೆ.