ಮಕ್ಕಳು ಕಾಣದಿದ್ದರೂ ಶಾಲಾ ವಲಯದಲ್ಲಿ ನಿಧಾನಿಸಬೇಕೆ?

ಪ್ರಶ್ನೆ: ನಾನು ದಿನವೂ ಹೋಗುವ ದಾರಿಯಲ್ಲಿ ಒಂದು ಶಾಲೆಯಿದೆ. ಅದರ ಮುಂದಿನ ಫಲಕದಲ್ಲಿ ಕಡಿಮೆ ವೇಗಮಿತಿಯನ್ನೂ ಅದು ಜಾರಿಯಲ್ಲಿರುವ ಹೊತ್ತನ್ನೂ ಬರೆದಿದ್ದಾರೆ. ನಾನು ಹಾದುಹೋಗುವಾಗ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಆಗಲೂ ವೇಗ ತಗ್ಗಿಸಲೇಬೇಕೆ?

ಉತ್ತರ: ತಗ್ಗಿಸಲೇಬೇಕು. ಇಷ್ಟನ್ನೇ ಬರೆದು ಮುಗಿಸಬಹುದಿತ್ತು, ಹಿಂದೆ ಹಲವು ಬಾರಿ ಹಾಗೆಯೇ ಮುಗಿಸಿಯೂ ಇದ್ದೇನೆ. ಆದರೆ ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅದೇ ಪ್ರಶ್ನೆ ವೇಷ ಬದಲಿಸಿ ಮತ್ತೆ ಬಾಗಿಲಲ್ಲಿ ನಿಂತಿರುತ್ತದೆ: ತರಗತಿ ನಡೆಯುತ್ತಿರುವಾಗ ಬೇಕೆ, ಮಳೆ ಸುರಿಯುತ್ತಿರುವಾಗ ಬೇಕೆ, ಗೇಟು ಮುಚ್ಚಿರುವಾಗ ಬೇಕೆ. ಇವೆಲ್ಲವೂ ಮಕ್ಕಳು ಕಣ್ಣಿಗೆ ಬಿದ್ದಾಗ ಮಾತ್ರ ನಿಧಾನಿಸಿದರೆ ಸಾಕು ಎಂಬ ಒಂದೇ ನಂಬಿಕೆಯಿಂದ ಹುಟ್ಟಿದ ಪ್ರಶ್ನೆಗಳು. ಆದ್ದರಿಂದ ಈ ಸಲ ಆ ನಂಬಿಕೆಯ ಬುಡಕ್ಕೇ ಕೈ ಹಾಕುತ್ತೇನೆ.

ಶಾಲಾ ವಲಯದ ವೇಗಮಿತಿ ಯಾವಾಗ ಜಾರಿಗೆ ಬರುತ್ತದೆ ಎಂಬುದನ್ನು ತೀರ್ಮಾನಿಸುವ ಪದ್ಧತಿಗಳು ಮುಖ್ಯವಾಗಿ ಮೂರು. ಮೊದಲನೆಯದು ಗಡಿಯಾರವನ್ನು ನೆಚ್ಚಿಕೊಂಡದ್ದು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಸಾಮಾನ್ಯವಾಗಿ ಶಾಲಾ ದಿನಗಳಂದು ಬೆಳಿಗ್ಗೆ 8ರಿಂದ 9:30ರವರೆಗೆ ಮತ್ತು ಮಧ್ಯಾಹ್ನ 2:30ರಿಂದ 4ರವರೆಗೆ ಮಿತಿ ಗಂಟೆಗೆ 40 ಕಿ.ಮೀ. ಎರಡನೆಯದು ದೀಪವನ್ನು ನೆಚ್ಚಿಕೊಂಡದ್ದು. ಅಮೆರಿಕದ ಹಲವು ಕಡೆ ಫಲಕದ ಮೇಲಿನ ಹಳದಿ ದೀಪ ಮಿನುಗುತ್ತಿರುವಷ್ಟು ಹೊತ್ತು ಮಾತ್ರ ಕಡಿಮೆ ಮಿತಿ ಅನ್ವಯವಾಗುತ್ತದೆ. ಮೂರನೆಯದು ಮಕ್ಕಳ ಇರುವಿಕೆಯನ್ನೇ ನೆಚ್ಚಿಕೊಂಡದ್ದು. ದಕ್ಷಿಣ ಆಸ್ಟ್ರೇಲಿಯಾದ ಶಾಲಾ ವಲಯಗಳಲ್ಲಿ ಬಹುಕಾಲದಿಂದ ಬಂದಿರುವ ನಿಯಮದ ಪ್ರಕಾರ ಮಕ್ಕಳು ಇರುವಾಗ ಮಿತಿ ಗಂಟೆಗೆ 25 ಕಿ.ಮೀ., ಅದಕ್ಕೆ ಹೊತ್ತುಗೊತ್ತಿನ ಕಟ್ಟಿಲ್ಲ.

ಗೊಂದಲ ಹುಟ್ಟುವುದು ಇಲ್ಲಿಯೇ. ಮೂರನೆಯ ಪದ್ಧತಿಯ ಮಾತನ್ನು ಎಲ್ಲಿಯೋ ಕೇಳಿದವರು ಅದನ್ನು ತಂದು ಮೊದಲನೆಯ ಪದ್ಧತಿಯ ಫಲಕಕ್ಕೆ ಅಂಟಿಸುತ್ತಾರೆ. ಫಲಕದಲ್ಲಿ ಬರೆದಿರುವುದು 8ರಿಂದ 9:30 ಎಂದು. ಅವರು ಓದುವುದು ‘8ರಿಂದ 9:30, ಮಕ್ಕಳು ಕಂಡರೆ’ ಎಂದು. ಆ ಬಾಲಂಗೋಚಿ ಫಲಕದಲ್ಲಿ ಇಲ್ಲ, ಕಾನೂನಿನಲ್ಲಿಯೂ ಇಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಂತೂ ಶಿಕ್ಷಕರು ಮಾತ್ರ ಶಾಲೆಗೆ ಬಂದು ವಿದ್ಯಾರ್ಥಿಗಳು ಮನೆಯಲ್ಲಿಯೇ ಉಳಿಯುವ ದಿನಗಳಲ್ಲಿಯೂ 40ರ ಮಿತಿ ಜಾರಿಯಲ್ಲಿರುತ್ತದೆ. ಕೆನಡಾದ ಕ್ಯಾಲ್ಗರಿ ನಗರ 2014ರಲ್ಲಿ ತನ್ನ ಶಾಲಾ ವಲಯಗಳನ್ನು ಆಟದ ಮೈದಾನದ ವಲಯಗಳೊಂದಿಗೆ ಸೇರಿಸಿ, ಬೆಳಿಗ್ಗೆ 7:30ರಿಂದ ರಾತ್ರಿ 9ರವರೆಗೆ, ವರ್ಷದ ಎಲ್ಲ ದಿನವೂ 30 ಕಿ.ಮೀ. ಎಂದು ನಿಗದಿ ಮಾಡಿತು. ಅಲ್ಲಿ ಭಾನುವಾರ ಸಂಜೆ ಶಾಲೆಯ ಬೀಗವನ್ನು ತೋರಿಸಿ ವಾದಿಸಿದರೆ ದಂಡವೇನೂ ಮಾಫಿಯಾಗುವುದಿಲ್ಲ.

ಮೂರನೆಯ ಪದ್ಧತಿಯಿರುವ ಕಡೆಯಲ್ಲಾದರೂ ‘ನನಗೆ ಮಕ್ಕಳು ಕಾಣಲಿಲ್ಲ’ ಎಂಬ ವಾದ ನಿಲ್ಲುತ್ತದೆಯೇ ಎಂದರೆ, ಅದೂ ಅಷ್ಟು ಸುಲಭವಲ್ಲ. ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯನ್ನು ನೋಡಿ. ಮಕ್ಕಳು ಶಾಲೆಗೆ ಬರುವ ಅಥವಾ ಶಾಲೆಯಿಂದ ಹೊರಡುವ ಹೊತ್ತಿಗೆ ಗಂಟೆಗೆ 25 ಮೈಲಿ, ಅಂದರೆ ಸುಮಾರು 40 ಕಿ.ಮೀ., ಎಂದು ಹೇಳುವ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಶಾಲೆಯ ಆವರಣಕ್ಕೂ ರಸ್ತೆಗೂ ನಡುವೆ ಬೇಲಿಯೋ ಗೇಟೋ ಇನ್ನಾವುದೋ ತಡೆಯೋ ಇಲ್ಲದಿದ್ದರೆ, ಮಕ್ಕಳು ಆ ಆವರಣವನ್ನು ಬಳಸುತ್ತಿರುವಷ್ಟು ಹೊತ್ತೂ ಅದೇ ಮಿತಿ ಅನ್ವಯಿಸುತ್ತದೆ. ರಸ್ತೆಯ ಮೇಲೆ ಒಂದು ಮಗುವೂ ಇಲ್ಲ, ಆದರೂ ಮಿತಿ ಇದೆ. ಏಕೆಂದರೆ ಆಡುತ್ತಿರುವ ಚೆಂಡು ರಸ್ತೆಗೆ ಉರುಳುವಾಗ ಯಾರನ್ನೂ ಕೇಳಿ ಉರುಳುವುದಿಲ್ಲ ಎಂಬುದು ಆ ನಿಯಮವನ್ನು ಬರೆದವರಿಗೆ ಗೊತ್ತಿತ್ತು.

ಕಾನೂನಿನ ಮಾತು ಹೀಗಾಯಿತು. ಆದರೆ ನನಗೆ ಹೆಚ್ಚು ಬೇಸರ ತರಿಸುವುದು ಆ ನಂಬಿಕೆಯ ಹಿಂದಿರುವ ತರ್ಕ: ಮಗು ಕಂಡಾಗ ನಿಧಾನಿಸಿದರಾಯಿತಲ್ಲ ಎಂಬುದು. ಕಂಡಾಗ ನಿಧಾನಿಸಲು ಸಾಧ್ಯವಿದ್ದಿದ್ದರೆ ಶಾಲಾ ವಲಯ ಎಂಬುದರ ಅಗತ್ಯವೇ ಇರುತ್ತಿರಲಿಲ್ಲ. ಒಂದು ಸಣ್ಣ ಲೆಕ್ಕ ಮಾಡೋಣ. ಅಪಾಯ ಕಣ್ಣಿಗೆ ಬಿದ್ದ ಕ್ಷಣದಿಂದ ಬ್ರೇಕು ಹಿಡಿಯುವವರೆಗೆ ಒಂದೂವರೆ ಸೆಕೆಂಡು ಎಂದಿಟ್ಟುಕೊಳ್ಳಿ. ರಸ್ತೆ ಒಣಗಿದೆ, ಟೈರುಗಳು ಚೆನ್ನಾಗಿವೆ, ಬ್ರೇಕು ಗಟ್ಟಿಯಾಗಿ ಹಿಡಿಯುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ಕಾರು ಆ ಒಂದೂವರೆ ಸೆಕೆಂಡಿನಲ್ಲಿ 12.5 ಮೀಟರ್ ಸಾಗುತ್ತದೆ, ಬ್ರೇಕು ಹಿಡಿದ ಮೇಲೆ ಇನ್ನು 5 ಮೀಟರ್ ಸಾಗಿ ನಿಲ್ಲುತ್ತದೆ. ಒಟ್ಟು 17.5 ಮೀಟರ್. ಈಗ ನಿಂತಿರುವ ಒಂದು ವ್ಯಾನಿನ ಮರೆಯಿಂದ, ನಿಮ್ಮ ಕಾರಿನಿಂದ 18 ಮೀಟರ್ ಮುಂದೆ, ಒಂದು ಮಗು ರಸ್ತೆಗೆ ಇಳಿಯಿತು ಎನ್ನಿ. 30ರ ವೇಗದ ಕಾರು ಮಗುವಿಗಿಂತ ಸ್ವಲ್ಪ ಹಿಂದೆಯೇ ನಿಲ್ಲುತ್ತದೆ. 50ರ ವೇಗದಲ್ಲಿರುವ ಕಾರು ಆ ಒಂದೂವರೆ ಸೆಕೆಂಡಿನಲ್ಲಿಯೇ ಸುಮಾರು 21 ಮೀಟರ್ ಸಾಗಿಬಿಟ್ಟಿರುತ್ತದೆ. ಎಂದರೆ ಮಗುವಿರುವ ಜಾಗವನ್ನು ಅದು ದಾಟುವಾಗ ಚಾಲಕನ ಕಾಲು ಬ್ರೇಕನ್ನು ಇನ್ನೂ ಮುಟ್ಟಿಯೇ ಇರುವುದಿಲ್ಲ. ಡಿಕ್ಕಿ ಆಗುವುದು ಪೂರ್ತಿ 50ರ ವೇಗದಲ್ಲಿ. ಸ್ವಲ್ಪ ತಗ್ಗಿಸಿ 40ರಲ್ಲಿ ಬಂದವರಿಗೂ ದೊಡ್ಡ ವಿನಾಯಿತಿಯೇನಿಲ್ಲ, ಅವರು ಬ್ರೇಕು ಹಿಡಿಯುವಷ್ಟರಲ್ಲಿ 16.7 ಮೀಟರ್ ಮುಗಿದಿರುತ್ತದೆ.

ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದಾಗ ತರಗತಿ ಒಂದು ಗಳಿಗೆ ಮೌನವಾಗುತ್ತದೆ. ಚಾಲನೆ ಕಲಿಸುವ ಕೆಲಸದಲ್ಲಿ ನನಗೆ ಹೆಮ್ಮೆ ತರುವ ಕೆಲವೇ ಸಂಗತಿಗಳಲ್ಲಿ ಆ ಮೌನವೂ ಒಂದು.

ನಾವು ಮಗುವನ್ನು ನೋಡುತ್ತೇವೆಯೇ ಎಂದು ಮಾತ್ರ ಕೇಳಿದರೆ ಪ್ರಶ್ನೆಯ ಅರ್ಧ ಉಳಿದುಹೋಗುತ್ತದೆ. ಮಗು ನಮ್ಮನ್ನು ಸರಿಯಾಗಿ ಅಳೆಯುತ್ತದೆಯೇ ಎಂಬುದು ಉಳಿದ ಅರ್ಧ. ಎದುರಿನಿಂದ ಬರುವ ವಾಹನದ ಬಿಂಬ ಕಣ್ಣಿನಲ್ಲಿ ಹಿಗ್ಗುತ್ತ ಹೋಗುವ ರೀತಿಯಿಂದ ಅದರ ವೇಗವನ್ನು ಅಂದಾಜು ಮಾಡುವ ಶಕ್ತಿ ವಯಸ್ಕರಲ್ಲಿರುವಷ್ಟು ಪ್ರಾಥಮಿಕ ಶಾಲೆಯ ಮಕ್ಕಳಲ್ಲಿ ಬೆಳೆದಿರುವುದಿಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ಸಂಶೋಧಕರು ಇದನ್ನು ಪರೀಕ್ಷಿಸಿ, ಗಂಟೆಗೆ 20 ಮೈಲಿಗಿಂತ ಹೆಚ್ಚು ವೇಗದಲ್ಲಿ ಬರುವ ವಾಹನವನ್ನು ಈ ವಯಸ್ಸಿನ ಮಕ್ಕಳು ನಂಬಿಕೆಗೆ ಅರ್ಹವಾಗಿ ಗುರುತಿಸಲಾರದಿರಬಹುದು ಎಂದು 2011ರ ಸುಮಾರಿಗೆ ಪ್ರಕಟಿಸಿದರು. 20 ಮೈಲಿ ಎಂದರೆ 32 ಕಿ.ಮೀ. ನಡೆದು ಹೋಗುವವರೂ ವಾಹನಗಳೂ ಬೆರೆಯುವ ರಸ್ತೆಗಳಲ್ಲಿ 30 ಕಿ.ಮೀ.ಗೆ ಮೀರದಿರಲಿ ಎಂದು ರಸ್ತೆ ಸುರಕ್ಷತೆಯನ್ನು ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಆ ಅಂಕಿಯನ್ನು ಯಾರೋ ಮನಸ್ಸಿಗೆ ಬಂದಂತೆ ಆರಿಸಿದ್ದಲ್ಲ ಎಂದು ತಿಳಿಯುತ್ತದೆ.

ಇಷ್ಟರ ಮೇಲೂ ‘ತಡವಾಗುತ್ತದೆ’ ಎನ್ನುವವರಿಗೆ: ವಲಯ 300 ಮೀಟರ್ ಉದ್ದವಿದ್ದರೆ 50ರಲ್ಲಿ ದಾಟಲು ಸುಮಾರು 22 ಸೆಕೆಂಡು, 30ರಲ್ಲಿ 36 ಸೆಕೆಂಡು. ವ್ಯತ್ಯಾಸ 14 ಸೆಕೆಂಡು. ಮುಂದಿನ ಕೆಂಪು ದೀಪ ಅದನ್ನು ಹೇಗೂ ನುಂಗುತ್ತದೆ.

ಇದನ್ನು ಬರೆಯುತ್ತಿರುವಾಗ ಯಾರೂ ಕೇಳದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಕಡಿಮೆ ವೇಗ ಅಷ್ಟು ಒಳ್ಳೆಯದಾದರೆ, ಅದಕ್ಕೆ ಹೊತ್ತಿನ ಮಿತಿಯಾದರೂ ಏಕೆ, ದಿನವಿಡೀ ಇಡಬಾರದೇ? ಇಟ್ಟವರಿದ್ದಾರೆ. ದಕ್ಷಿಣ ಕೊರಿಯಾದಲ್ಲಿ ಶಾಲಾ ವಲಯಗಳ 30 ಕಿ.ಮೀ. ಮಿತಿ ಹಗಲಿರುಳೂ ಜಾರಿಯಲ್ಲಿತ್ತು; 2023ರ ಸೆಪ್ಟೆಂಬರ್‌ನಿಂದ ಆಯ್ದ ಕೆಲವು ಕಡೆ ಮಾತ್ರ ರಾತ್ರಿಯ ಹೊತ್ತು ಅದನ್ನು ಸಡಿಲಿಸುವ ಏರ್ಪಾಟು ಬಂತು. ಹೊತ್ತನ್ನು ಕಟ್ಟುವವರ ವಾದವೂ ಹುರುಳಿಲ್ಲದ್ದಲ್ಲ. ನಡುರಾತ್ರಿಯ ಬರಿದಾದ ರಸ್ತೆಯಲ್ಲಿ 30 ಎಂಬ ಫಲಕವನ್ನು ದಿನವೂ ಕಂಡು ದಿನವೂ ಮೀರುವ ಚಾಲಕ, ಬೆಳಿಗ್ಗೆ ಎಂಟೂವರೆಗೂ ಅದೇ ಅಭ್ಯಾಸದಲ್ಲಿ ಅದನ್ನು ಮೀರುತ್ತಾನೆ. ನಿಯಮ ಬಿಗಿಯಾಗಿರುವ ಹೊತ್ತು ಚಿಕ್ಕದಾದಷ್ಟೂ ಅದನ್ನು ಪಾಲಿಸುವವರು ಹೆಚ್ಚು ಎಂಬುದು ಅವರ ಲೆಕ್ಕಾಚಾರ. ನನ್ನ ಒಲವು ಮಿನುಗುವ ದೀಪದ ಕಡೆಗೆ. ಶಾಲೆ ಬೇಗ ಬಿಡುವ ದಿನ ದೀಪವನ್ನು ಬೇಗ ಹಚ್ಚಬಹುದು, ರಜೆಯ ದಿನ ಆರಿಸಿಡಬಹುದು; ಫಲಕದ ಮೇಲಿನ ಪುಟ್ಟ ಅಕ್ಷರಗಳನ್ನು ಓದಿ, ಇವತ್ತು ಯಾವ ವಾರ ಎಂದು ಲೆಕ್ಕ ಹಾಕುವ ಕೆಲಸ ಚಾಲಕನಿಗೆ ಉಳಿಯುವುದಿಲ್ಲ.

ಕೊನೆಗೆ, ಪತ್ರ ಬರೆದವರು ಕೇಳದಿದ್ದರೂ ಮುಂದಿನ ವಾರ ಬೇರೆ ಯಾರಾದರೂ ಕೇಳಿಯೇ ಕೇಳುವ ಎರಡು ಮಾತು. ವೇಗಮಿತಿ ಆರಂಭವಾಗುವುದು ಫಲಕದ ಬಳಿಯೇ, ಫಲಕ ಕಂಡ ಮೇಲೆ ನಿಧಾನವಾಗಿ ಇಳಿಯುತ್ತ ಬರುವಾಗ ಸಿಗುವ ಯಾವುದೋ ಜಾಗದಲ್ಲಲ್ಲ. ಆದ್ದರಿಂದ ಫಲಕವನ್ನು ದಾಟುವ ಹೊತ್ತಿಗೆ ಸ್ಪೀಡೋಮೀಟರ್‌ನ ಮುಳ್ಳು ಆಗಲೇ ಕೆಳಗಿಳಿದಿರಬೇಕು, ವಲಯ ಮುಗಿಯಿತೆಂದು ಹೇಳುವ ಫಲಕ ಬರುವವರೆಗೂ ಅಲ್ಲಿಯೇ ಇರಬೇಕು. ಇನ್ನು ಸಮಯದ ಮಾತು. ನಾಲ್ಕು ಗಂಟೆಗೆ ಮಿತಿ ಮುಗಿಯುವ ಕಡೆ ನಿಮ್ಮ ಕಾರಿನ ಗಡಿಯಾರ ನಾಲ್ಕು ದಾಟಿ ಎರಡು ನಿಮಿಷ ತೋರಿಸುತ್ತಿರಬಹುದು. ಕ್ಯಾಮೆರಾ ತನ್ನ ಗಡಿಯಾರವನ್ನು ನೋಡುತ್ತದೆ, ನಿಮ್ಮದನ್ನಲ್ಲ.